ಸಹಿಗೆ ಮೊದಲೇ ವಕೀಲರು, ನೋಟಿಸು ಬಂದ ಮೇಲಲ್ಲ

ಮಾಲೇಗಾಂವ್: ಮುಂಬಯಿ–ಆಗ್ರಾ ಹೆದ್ದಾರಿಯ ಮೇಲಿರುವ, ವಿದ್ಯುತ್ ಮಗ್ಗಗಳಿಗೆ ಹೆಸರಾದ ನಾಸಿಕ್ ಜಿಲ್ಲೆಯ ಈ ಊರಿನ ಹೆಸರು ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ದೊಡ್ಡ ಮೊಕದ್ದಮೆಗಳಿಂದ. 2006ರ ಸೆಪ್ಟೆಂಬರ್ 8ರ ಸ್ಫೋಟ ಪ್ರಕರಣದಲ್ಲಿ ಮೊದಲು ಬಂಧಿತರಾದವರು ಆರೋಪಮುಕ್ತರಾಗಲು 2016ರ ಏಪ್ರಿಲ್ ತನಕ ಕಾಯಬೇಕಾಯಿತು. 2008ರ ಸೆಪ್ಟೆಂಬರ್ 29ರ ಸ್ಫೋಟ ಪ್ರಕರಣದ ತೀರ್ಪು ಮುಂಬಯಿಯ ವಿಶೇಷ ನ್ಯಾಯಾಲಯದಿಂದ ಬಂದದ್ದು 2025ರ ಜುಲೈ 31ರಂದು. ಅದರಲ್ಲಿ ಏಳೂ ಮಂದಿ ಆರೋಪಿಗಳು ಖುಲಾಸೆಗೊಂಡರು. ನ್ಯಾಯಾಲಯವೆಂದರೆ ವರ್ಷಾನುಗಟ್ಟಲೆ ಅಲೆದಾಟ ಎಂಬ ಭಯ ಜನಸಾಮಾನ್ಯರಲ್ಲಿ ಬೇರೂರಲು ಇಂಥ ಪ್ರಕರಣಗಳೂ ಕಾರಣವಾಗಿವೆ.

ಆದರೆ ಜನಸಾಮಾನ್ಯರನ್ನು ಕೋರ್ಟಿನ ಮೆಟ್ಟಿಲಿಗೆ ತರುವುದು ಇಂಥ ಪ್ರಕರಣಗಳಲ್ಲ. ಬಾಡಿಗೆ, ಚೆಕ್ಕು, ಅಪಘಾತ, ಪಾಲುದಾರಿಕೆ, ಜಮೀನು, ಸಂಸಾರದ ಕಲಹ ಇವೇ ಅವರ ವ್ಯಾಜ್ಯಗಳು. ಹೊಟೇಲು, ಸಾರಿಗೆ ವ್ಯವಹಾರ ಅಥವಾ ಬ್ಯಾಂಕ್ ವರ್ಗಾವಣೆಯ ನಿಮಿತ್ತ ಮುಂಬಯಿ ದಾಟಿ ನಾಸಿಕ್, ಮಾಲೇಗಾಂವ್, ಛತ್ರಪತಿ ಸಂಭಾಜಿನಗರದ ಕಡೆಗೆ ಬಂದು ನೆಲೆಸಿದ ಕನ್ನಡಿಗರ ಪಾಲಿಗೂ ಕಾನೂನು ಎದುರಾಗುವುದು ಇದೇ ರೂಪದಲ್ಲಿ. ಮುಂಬಯಿಯಲ್ಲಾದರೆ ಸಂಘದ ಪದಾಧಿಕಾರಿಗಳಲ್ಲೇ ಒಬ್ಬರು ನ್ಯಾಯವಾದಿಗಳಿರುತ್ತಾರೆ, ಒಂದು ಫೋನಿನಲ್ಲಿ ಸಲಹೆ ಸಿಗುತ್ತದೆ. ತಾಲೂಕು ಊರಿನಲ್ಲಿ ಬೆರಳೆಣಿಕೆಯ ಕುಟುಂಬಗಳ ನಡುವೆ ಆ ಅನುಕೂಲವಿಲ್ಲ. ಕಾಗದಪತ್ರ ಮರಾಠಿಯಲ್ಲಿ, ಮಾತು ಹಿಂದಿ ಅಥವಾ ಉರ್ದುವಿನಲ್ಲಿ, ಆಸ್ತಿ ಮಾತ್ರ ಊರಿನಲ್ಲಿ ಎಂಬ ಸ್ಥಿತಿ.

ಇಂಥ ವ್ಯಾಜ್ಯಗಳನ್ನು ಬಿಡಿಸಿ ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಸಾಮಾನ್ಯರಿಗೆ ನಷ್ಟವಾಗುವುದು ಕಾನೂನು ಇಲ್ಲದ್ದರಿಂದಲ್ಲ. ಓದದೆ ಹಾಕಿದ ಒಂದು ಸಹಿ ಮತ್ತು ಗೊತ್ತಿಲ್ಲದೆ ಕಳೆದುಹೋದ ಒಂದು ತಾರೀಕು, ಹೆಚ್ಚಿನ ಸೋಲುಗಳ ಮೂಲ ಇವೆರಡೇ. ಇವೆರಡನ್ನೂ ತಪ್ಪಿಸುವ ಕೆಲಸ ವಕೀಲರದು. ಆದರೆ ನಮ್ಮವರು ವಕೀಲರ ಬಾಗಿಲು ತಟ್ಟುವುದು ಎರಡೂ ಕೈಮೀರಿದ ಮೇಲೆ.

ಬಾಡಿಗೆಯ ಕರಾರು

ಹೊಟೇಲು ವ್ಯವಸಾಯದಲ್ಲಿ ಮೊದಲ ತಕರಾರು ಜಾಗದ್ದು. ಮಾಲಕರೊಡನೆ ಬಾಯಿಮಾತಿನ ಒಪ್ಪಂದ, ಕೈಯಲ್ಲಿ ಕೊಟ್ಟ ಡಿಪಾಸಿಟು, ಸ್ಟಾಂಪ್ ಕಾಗದದ ಮೇಲೆ ಬರೆದು ಮನೆಯಲ್ಲಿಟ್ಟುಕೊಂಡ ನೋಂದಣಿಯಾಗದ ಕರಾರು, ಇವು ಸರ್ವೇಸಾಮಾನ್ಯ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮಿನ ಪ್ರಕಾರ ಬಾಡಿಗೆ ಅಥವಾ ಲೀವ್ ಎಂಡ್ ಲೈಸೆನ್ಸ್ ಕರಾರು ಲಿಖಿತವಾಗಿರಬೇಕು ಮತ್ತು ನೋಂದಣಿಯಾಗಿರಬೇಕು. ನೋಂದಣಿ ಮಾಡಿಸುವ ಹೊಣೆ ಜಾಗದ ಮಾಲಕರದು. ತಪ್ಪಿದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂ. ವರೆಗೆ ದಂಡ ಅಥವಾ ಎರಡೂ ಆಗಬಹುದು. ಅಷ್ಟೇ ಅಲ್ಲ, ನೋಂದಾಯಿತ ಕರಾರು ಇಲ್ಲದಿದ್ದಲ್ಲಿ, ಬೇರೆ ರೀತಿಯಲ್ಲಿ ರುಜುವಾತಾಗುವ ತನಕ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳುವುದೇ ಊರ್ಜಿತವಾಗುತ್ತದೆ. 60 ತಿಂಗಳವರೆಗಿನ ಲೀವ್ ಎಂಡ್ ಲೈಸೆನ್ಸ್ ಕರಾರಿಗೆ ಮುದ್ರಾಂಕ ಶುಲ್ಕ ಶೇ. 0.25 ಮಾತ್ರ. ಇಷ್ಟು ಸಣ್ಣ ಮೊತ್ತ ಉಳಿಸಲು ಹೋಗಿ ಲಕ್ಷಾಂತರ ರೂಪಾಯಿಯ ಡಿಪಾಸಿಟು ಮತ್ತು ಅಡುಗೆಮನೆಗೆ ಹಾಕಿದ ಬಂಡವಾಳವನ್ನು ಅಪಾಯಕ್ಕೊಡ್ಡುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಅದೇ ಕಾಯ್ದೆಯಡಿ ಬಾಡಿಗೆಗೆ ರಶೀದಿ ಕೊಡುವುದು ಕಡ್ಡಾಯ. ಜಗಳವಾಯಿತೆಂದು ಬಾಡಿಗೆದಾರನ ನೀರು, ಕರೆಂಟು ಕಡಿಯುವ ಅಧಿಕಾರ ಮಾಲಕರಿಗಿಲ್ಲ. ಎದುರು ಪಕ್ಷ ಕೋರ್ಟಿಗೆ ಹೋಗಿ ಏಕಪಕ್ಷೀಯ ತಡೆಯಾಜ್ಞೆ ತರುವ ಸೂಚನೆ ಸಿಕ್ಕಿದರೆ, ವಕೀಲರ ಮೂಲಕ ‘ಕೇವಿಯಟ್’ ಹಾಕಿಡಬಹುದು. ಅದು 90 ದಿನ ಜಾರಿಯಲ್ಲಿರುತ್ತದೆ. ಆ ಅವಧಿಯಲ್ಲಿ ಅರ್ಜಿ ಬಂದರೆ ಕೇವಿಯಟ್ ಹಾಕಿದವರಿಗೂ ನೋಟಿಸು ಹೋಗುತ್ತದೆ.

ಪಾಲುದಾರಿಕೆಯದು ಇನ್ನೊಂದು ಕಥೆ. ಭಾವ–ಭಾವಮೈದ, ಮಾವ–ಅಳಿಯ ಸೇರಿ ನಂಬಿಕೆಯ ಮೇಲೆ ಹೊಟೇಲು ತೆರೆಯುತ್ತಾರೆ. ನಂಬಿಕೆ ಇರುವಷ್ಟು ದಿನ ಕಾಗದ ಬೇಡ ಎನಿಸುತ್ತದೆ, ನಂಬಿಕೆ ಹೋದ ದಿನ ಕಾಗದವೇ ಇರುವುದಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಮಿನಂತೆ ನೋಂದಣಿಯಾಗದ ಸಂಸ್ಥೆ ಕರಾರಿನ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಪಾಲುದಾರನೂ ಅಂಥ ಹಕ್ಕಿಗಾಗಿ ಸಂಸ್ಥೆಯ ಮೇಲಾಗಲಿ ಇತರ ಪಾಲುದಾರರ ಮೇಲಾಗಲಿ ದಾವೆ ಹೂಡುವಂತಿಲ್ಲ. ಸಂಸ್ಥೆಯನ್ನು ವಿಸರ್ಜಿಸಿ ಲೆಕ್ಕ ಕೇಳುವ ದಾರಿಯಷ್ಟೇ ಉಳಿಯುತ್ತದೆ. ಬೇರೆಯವರ ಹೊಟೇಲನ್ನು ‘ಕಂಡಕ್ಟ್’ಗೆ ಪಡೆಯುವವರೂ ಎಚ್ಚರದಿಂದಿರಬೇಕು. ಪರವಾನಿಗೆ ಯಾರ ಹೆಸರಲ್ಲಿದೆ, ನೌಕರರ ಹೊಣೆ ಯಾರದು, ಅವಧಿ ಮುಗಿದಾಗ ಸಾಮಾನು ಯಾರದು ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳುವುದು ಅತ್ಯಗತ್ಯ.

ಚೆಕ್ಕು ಮತ್ತು ತಾರೀಕು

ಚೆಕ್ ಬೌನ್ಸ್ ಪ್ರಕರಣದಲ್ಲಿ ತಾರೀಕೇ ಸರ್ವಸ್ವ. ಚೆಕ್ಕನ್ನು ಅದರ ಮೇಲಿನ ತಾರೀಕಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಹಣವಿಲ್ಲವೆಂದು ಬ್ಯಾಂಕು ತಿಳಿಸಿದ 30 ದಿನಗಳೊಳಗೆ ಲಿಖಿತ ನೋಟಿಸು ಕೊಡಬೇಕು. ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನಗಳ ಅವಕಾಶ. ಅದೂ ಕಳೆದರೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. ‘ನಾಳೆ ಕೊಡುತ್ತೇನೆ, ಸಂಬಂಧ ಕೆಡಿಸಬೇಡಿ’ ಎಂಬ ಮಾತು ಕೇಳುತ್ತ ಕೂತವರು ಆ 30 ದಿನಗಳನ್ನು ಕಳೆದುಕೊಳ್ಳುತ್ತಾರೆ. ನೋಟಿಸಿನಲ್ಲಿ ಕೇಳುವ ಮೊತ್ತ ಚೆಕ್ಕಿನಲ್ಲಿರುವ ಮೊತ್ತವೇ ಆಗಿರಬೇಕು, ಅಲ್ಲಿನ ತಪ್ಪು ಕೇಸನ್ನೇ ಕೆಡಿಸಬಹುದು. ಆದ್ದರಿಂದ ನೋಟಿಸನ್ನು ಸ್ವತಃ ಬರೆಯದೆ ವಕೀಲರಿಂದ ಬರೆಸುವುದು ಒಳ್ಳೆಯದು.

ಎರಡು ಊರುಗಳ ನಡುವೆ ವ್ಯವಹರಿಸುವವರಿಗೆ ಇಲ್ಲಿ ಒಂದು ಸಮಾಧಾನವಿದೆ. 2014ರಲ್ಲಿ ಸುಪ್ರೀಂ ಕೋರ್ಟು ದಶರಥ ರೂಪಸಿಂಗ್ ರಾಠೋಡ್ ಪ್ರಕರಣದಲ್ಲಿ, ಚೆಕ್ ಕೊಟ್ಟವನ ಬ್ಯಾಂಕು ಇರುವಲ್ಲೇ ದೂರು ಕೊಡಬೇಕು ಎಂದಿತ್ತು. 2015ರ ತಿದ್ದುಪಡಿ ಆ ಸ್ಥಿತಿಯನ್ನು ಬದಲಿಸಿತು. ಈಗ ಖಾತೆಗೆ ಜಮಾ ಮಾಡಲು ಹಾಕಿದ ಚೆಕ್ಕಿನ ಮಟ್ಟಿಗೆ, ಹಣ ಬರಬೇಕಾದವರ ಖಾತೆಯಿರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲೇ ದೂರು ನಡೆಯುತ್ತದೆ. ಮಾಲೇಗಾಂವ್‌ನಲ್ಲಿ ಖಾತೆಯಿರುವ ವ್ಯಾಪಾರಿ ಬೆಂಗಳೂರಿನ ಚೆಕ್ಕಿಗಾಗಿ ಬೆಂಗಳೂರಿಗೆ ಓಡಬೇಕಿಲ್ಲ. 2018ರ ತಿದ್ದುಪಡಿಯ ನಂತರ, ಕೇಸು ಮುಗಿಯುವ ಮೊದಲೇ ಚೆಕ್ಕಿನ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರವೂ ಕೋರ್ಟಿಗಿದೆ.

ಚೆಕ್ಕಿಲ್ಲದ ಕೈಸಾಲಕ್ಕೆ ದಾವೆಯ ಸಾಮಾನ್ಯ ಮಿತಿ ಮೂರು ವರ್ಷ. ಅಷ್ಟರೊಳಗೆ ಸಾಲಗಾರ ‘ಬಾಕಿ ಇದೆ’ ಎಂದು ಬರೆದು ಸಹಿ ಮಾಡಿಕೊಟ್ಟರೆ ಮಿತಿ ಆ ದಿನದಿಂದ ಹೊಸದಾಗಿ ಆರಂಭವಾಗುತ್ತದೆ. ಈ ಒಂದು ಸಾಲಿನ ಚೀಟಿ ಎಷ್ಟೋ ಸಾಲಗಳನ್ನು ಉಳಿಸಬಲ್ಲದು.

ಹೆದ್ದಾರಿಯ ಅಪಘಾತ

ಹೆದ್ದಾರಿಯ ಊರಿನಲ್ಲಿ ಅಪಘಾತ ಅಪರೂಪದ ಸುದ್ದಿಯಲ್ಲ. ದುಡಿಯುವ ಮಗ ಇಲ್ಲಿ, ಹೆತ್ತವರು ಉಡುಪಿಯಲ್ಲೋ ಕುಂದಾಪುರದಲ್ಲೋ. ಅವಘಡವಾದಾಗ ‘ಕೇಸು ಅಲ್ಲಿ ನಡೆಯಬೇಕು, ನಮಗೆ ಹೋಗಿಬರಲು ಆಗದು’ ಎಂದು ಕೈಬಿಡುವ ಕುಟುಂಬಗಳಿವೆ. ಇದು ತಪ್ಪು ತಿಳುವಳಿಕೆ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಂತೆ ಪರಿಹಾರದ ಅರ್ಜಿಯನ್ನು ಅಪಘಾತ ನಡೆದ ಜಾಗದಲ್ಲಿ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ನಡೆಸುವ ಜಾಗದಲ್ಲಿ, ಇಲ್ಲವೇ ಎದುರು ಪಕ್ಷ ವಾಸಿಸುವ ಜಾಗದಲ್ಲಿ ಕೊಡಬಹುದು. ಮಾಲೇಗಾಂವ್ ಬಳಿಯ ಅಪಘಾತಕ್ಕೆ ಉಡುಪಿಯ ಟ್ರಿಬ್ಯೂನಲ್ಲಿನಲ್ಲೇ ಹೆತ್ತವರು ಅರ್ಜಿ ಹಾಕಬಹುದು, ಅಲ್ಲಿ ಕನ್ನಡ ಬಲ್ಲ ವಕೀಲರೂ ಸಿಗುತ್ತಾರೆ. ಇಲ್ಲಿಯ ಬಂಧುಗಳು ಮಾಡಬೇಕಾದ್ದು ಎಫ್‌ಐಆರ್, ಪಂಚನಾಮೆ, ಶವಪರೀಕ್ಷೆಯ ವರದಿ, ಆಸ್ಪತ್ರೆಯ ಬಿಲ್ಲು ಮತ್ತು ವಾಹನದ ವಿಮೆಯ ವಿವರಗಳ ಪ್ರತಿಗಳನ್ನು ಪಡೆದು ಬೇಗ ತಲುಪಿಸುವುದು.

ಇಲ್ಲೂ ತಾರೀಕು ಮುಖ್ಯ. 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅರ್ಜಿಗೆ ಆರು ತಿಂಗಳ ಮಿತಿ ಬಂದಿದೆ. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆಯಾದರೂ ಅದನ್ನು ನಂಬಿ ತಡಮಾಡುವುದು ಜಾಣತನವಲ್ಲ. ಚಾಲಕನ ತಪ್ಪನ್ನು ರುಜುವಾತು ಮಾಡದೆಯೂ 164ನೇ ಕಲಮಿನಡಿ ಸಾವಿಗೆ 5 ಲಕ್ಷ, ಗಂಭೀರ ಗಾಯಕ್ಕೆ 2.5 ಲಕ್ಷ ರೂ. ಪರಿಹಾರ ಕೇಳಬಹುದು. ಗುದ್ದಿದ ವಾಹನ ಪತ್ತೆಯಾಗದಿದ್ದಲ್ಲಿ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ರೂ. ಕೊಡುವ ಯೋಜನೆ ಇದೆ.

ಹೊಟೇಲು ಮಾಲಕರಿಗೆ ಸಂಬಂಧಿಸಿದ ಇನ್ನೊಂದು ಮಾತು. ಪರಿಹಾರದ ಮೊತ್ತ ಸತ್ತವನ ಸಂಪಾದನೆಯ ಮೇಲೆ ನಿಂತಿರುತ್ತದೆ. ಸಂಬಳವನ್ನು ಕೈಯಲ್ಲಿ ಕೊಟ್ಟು ಲೆಕ್ಕವಿಡದಿದ್ದರೆ, ಆ ನೌಕರನ ಹೆಂಡತಿ ಮಕ್ಕಳು ಟ್ರಿಬ್ಯೂನಲ್ಲಿನ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಸಂಬಳವನ್ನು ಬ್ಯಾಂಕ್ ಮೂಲಕ ಕೊಡುವುದು ನೌಕರನ ಸಂಸಾರಕ್ಕೆ ಮಾಲಕರು ಮಾಡುವ ದೊಡ್ಡ ಉಪಕಾರ.

ಠಾಣೆಯಲ್ಲಿ ಭಾಷೆಯ ಪ್ರಶ್ನೆ

ಪೊಲೀಸ್ ಠಾಣೆಯ ಹೇಳಿಕೆ ಮರಾಠಿಯಲ್ಲಿರುತ್ತದೆ. ಓದಲು ಬಾರದ ಭಾಷೆಯ ದೂರಿಗೆ ‘ಸರಿ ಇದೆ’ ಎಂದು ಸಹಿ ಹಾಕಿ ಬಂದವರಿಗೆ, ಮುಂದೆ ಪಾಟಿ ಸವಾಲಿನಲ್ಲಿ ತಾವು ಹೇಳದ ಮಾತು ತಮ್ಮದೇ ಹೆಸರಿನಲ್ಲಿ ಎದುರಾಗುತ್ತದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಬರೆದುಕೊಂಡ ದೂರನ್ನು ದೂರುದಾರನಿಗೆ ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಗಂಭೀರ ಅಪರಾಧದ ದೂರನ್ನು ಇನ್ನೊಂದು ಠಾಣೆ ದಾಖಲಿಸಿಕೊಳ್ಳಬೇಕು. ನಿರಾಕರಿಸಿದರೆ ಜಿಲ್ಲೆಯ ಪೊಲೀಸ್ ಅಧೀಕ್ಷಕರಿಗೆ ಲಿಖಿತ ದೂರು, ಅದೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಅರ್ಥವಾಗದಿದ್ದಲ್ಲಿ ಮರಾಠಿ ಬಲ್ಲ ಒಬ್ಬರನ್ನು ಜತೆಗೆ ಕರೆದೊಯ್ದು ಸಾಲು ಸಾಲಾಗಿ ಓದಿಸಿ ಕೇಳಬೇಕು.

ಬಂಧನವಾದರೆ ಕಾರಣ ತಿಳಿಯುವ ಹಕ್ಕು ಮತ್ತು ತನಗೆ ಬೇಕಾದ ವಕೀಲರನ್ನು ಕಾಣುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಿಚಾರಣೆಯ ವೇಳೆ ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದೂ ಕಾನೂನಿದೆ. ಆದರೆ ಈ ಹಕ್ಕುಗಳನ್ನು ಕೇಳಿ ಪಡೆಯಬೇಕಾಗುತ್ತದೆ, ವಕೀಲರು ಅಲ್ಲಿರಬೇಕಾದ್ದು ಅದಕ್ಕೇ.

ಊರಿನ ಆಸ್ತಿ

ಹೊರನಾಡ ಕನ್ನಡಿಗರ ಅತ್ಯಂತ ನೋವಿನ ವ್ಯಾಜ್ಯ ಊರಿನದೇ. ನೇಮಕ್ಕೋ ಮದುವೆಗೋ ಎರಡು ದಿನಕ್ಕೆ ಹೋದ ಅಕ್ಕ ತಂಗಿಯರ ಮುಂದೆ ಒಂದು ಕಾಗದ ಬರುತ್ತದೆ. ‘ಖಾತೆ ಬದಲಾವಣೆಗೆ ಬೇಕು, ಇಲ್ಲೊಂದು ಸಹಿ ಹಾಕಿ.’ ಅದು ಹಕ್ಕು ಬಿಡುಗಡೆ ಪತ್ರವೂ ಆಗಿರಬಹುದು. ನೋಂದಣಿಯಾದ ಹಕ್ಕು ಬಿಡುಗಡೆಯನ್ನು ಆಮೇಲೆ ರದ್ದು ಮಾಡಿಸುವುದು ಬಹಳ ಕಷ್ಟ. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ತಿದ್ದುಪಡಿಯಂತೆ ಅವಿಭಕ್ತ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿದೆ. ಅಳಿಯಸಂತಾನ ಕಟ್ಟಿನ ಕುಟುಂಬಗಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪ್ರತ್ಯೇಕ ಕಲಮುಗಳಿವೆ. ಅವನ್ನು ಬಲ್ಲ ಊರಿನ ವಕೀಲರ ಸಲಹೆಯೇ ಇಲ್ಲಿ ಬೇಕು.

ಜಮೀನಿನ ದಾವೆ ಜಮೀನಿರುವ ಜಾಗದ ಕೋರ್ಟಿನಲ್ಲೇ ನಡೆಯುತ್ತದೆ. ಕಾರ್ಕಳದ ಗದ್ದೆಗೆ ಮಾಲೇಗಾಂವ್‌ನಲ್ಲಿ ದಾವೆ ಹೂಡಲಾಗದು. ಪ್ರತಿ ತಾರೀಕಿಗೂ ಹೋಗಲಾಗದವರು ಅಧಿಕಾರಪತ್ರ ಕೊಡಬಹುದು. ನೋಂದಣಿಯ ಕೆಲಸಕ್ಕೆ ಬಳಸುವ ಅಧಿಕಾರಪತ್ರವನ್ನು ತಾವು ವಾಸಿಸುವ ಊರಿನ ಉಪನೋಂದಣಾಧಿಕಾರಿಯ ಮುಂದೆಯೇ ಮಾಡಿಸಿ ದೃಢೀಕರಿಸಬಹುದು. ಆದರೆ ‘ಜನರಲ್ ಪವರ್’ ಎಂಬ ಎಲ್ಲವನ್ನೂ ಒಳಗೊಂಡ ಅಧಿಕಾರವನ್ನು ಕೊಡುವ ಮೊದಲು ನೂರು ಬಾರಿ ಯೋಚಿಸಬೇಕು. ಕೆಲಸ ಯಾವುದೋ ಅಷ್ಟಕ್ಕೇ ಅಧಿಕಾರ ಸೀಮಿತವಾಗಿರಲಿ. ಇನ್ನು ಪವರ್ ಪತ್ರದ ಮೇಲಷ್ಟೇ ಜಾಗ ಖರೀದಿಸುವವರು ತಿಳಿಯಬೇಕಾದ್ದು: ಅಂಥ ವ್ಯವಹಾರದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರ ಅಕ್ಟೋಬರಿನಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಊರಿನಿಂದ ಸಮನ್ಸು ಬಂದರೆ ಅದನ್ನು ಪೆಟ್ಟಿಗೆಯಲ್ಲಿಡುವ ಅಭ್ಯಾಸವೂ ಬಿಡಬೇಕು. ಸಿವಿಲ್ ದಾವೆಗೆ 30 ದಿನಗಳಲ್ಲಿ ಉತ್ತರ ಕೊಡಬೇಕು, ಕೋರ್ಟು ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಗೈರಾದರೆ ಏಕಪಕ್ಷೀಯ ಡಿಕ್ರಿಯಾದೀತು, ಅದನ್ನು ತೆಗೆಸಲು ಇರುವ ಅವಧಿಯೂ 30 ದಿನ.

ವಕೀಲರೊಡನೆ ವ್ಯವಹಾರ

‘ಕೋರ್ಟಿನ ಕೆಲಸಕ್ಕಿಂತ ವಕೀಲರ ಫೀಸಿನದೇ ಹೆದರಿಕೆ’ ಎನ್ನುವವರಿದ್ದಾರೆ. ಫೀಸು ಎಷ್ಟು, ಯಾವ ಹಂತಕ್ಕೆ ಎಷ್ಟು, ಟೈಪಿಂಗ್ ಮತ್ತು ಕೋರ್ಟ್ ಶುಲ್ಕ ಬೇರೆಯೇ ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳುವುದರಲ್ಲಿ ಸಂಕೋಚ ಬೇಡ. ಗೆದ್ದ ಹಣದಲ್ಲಿ ಇಂತಿಷ್ಟು ಪಾಲು ಎಂಬ ಒಪ್ಪಂದಕ್ಕೆ ಬಾರ್ ಕೌನ್ಸಿಲಿನ ನಿಯಮಗಳಲ್ಲಿ ನಿಷೇಧವಿದೆ. ಅಪಘಾತದ ಮನೆಗೆ ಶೇಕಡಾ ಲೆಕ್ಕದಲ್ಲಿ ಮಾತನಾಡುತ್ತ ಬರುವವರಿಂದ ದೂರವಿರುವುದು ಲೇಸು. ವಕೀಲರನ್ನು ಬದಲಿಸುವ ಹಕ್ಕು ಕಕ್ಷಿದಾರರಿಗಿದೆ. ಫೀಸು ಬಾಕಿಯಿದೆ ಎಂಬ ಕಾರಣಕ್ಕೆ ವಕೀಲರು ಫೈಲು ತಡೆಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2000ನೇ ಇಸವಿಯಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ತೀರ್ಮಾನಿಸಿದೆ. ದುರ್ನಡತೆಯ ದೂರು ರಾಜ್ಯ ಬಾರ್ ಕೌನ್ಸಿಲಿಗೆ ಹೋಗುತ್ತದೆ. ಆದರೆ ವಕೀಲರ ಸೇವೆಯ ಲೋಪಕ್ಕೆ ಗ್ರಾಹಕ ಆಯೋಗಕ್ಕೆ ಹೋಗಲಾಗದೆಂದು 2024ರ ಮೇ 14ರ ತೀರ್ಪು ಹೇಳಿರುವುದರಿಂದ, ತನ್ನ ಕೇಸಿನ ಮೇಲೆ ತಾನೇ ಕಣ್ಣಿಡುವುದು ಕಕ್ಷಿದಾರನ ಹೊಣೆ. ಪ್ರತಿ ಕೇಸಿಗೂ 16 ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆ ಇದೆ. ಇ–ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಕು, ಹಿಂದಿನ ಆದೇಶ ಮೊಬೈಲಿನಲ್ಲೇ ಕಾಣುತ್ತವೆ.

ಫೀಸು ಕೊಡಲಾಗದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರಿದ್ದಾರೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮತ್ತು ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಈ ಹಕ್ಕಿದೆ. ಉಳಿದವರಿಗೆ ಆದಾಯದ ಮಿತಿ ಅನ್ವಯಿಸುತ್ತದೆ. ಕೋರ್ಟ್ ಶುಲ್ಕ ಮತ್ತು ದಾಖಲೆಗಳ ಭಾಷಾಂತರದ ವೆಚ್ಚವೂ ಇದರಲ್ಲಿ ಸೇರುತ್ತದೆ ಎಂಬುದು ಕನ್ನಡ ದಾಖಲೆ ಹಿಡಿದು ಮರಾಠಿ ಕೋರ್ಟಿಗೆ ಹೋಗುವವರಿಗೆ ಮಹತ್ವದ ಸಂಗತಿ. ರಾಷ್ಟ್ರೀಯ ಸಹಾಯವಾಣಿ 15100.

ಮೇಲ್ಮನವಿಯ ಹಾದಿಯೂ ತಿಳಿದಿರಲಿ. ನಕಾಶೆಯಲ್ಲಿ ಸಂಭಾಜಿನಗರ ಹತ್ತಿರ ಕಂಡರೂ ನಾಸಿಕ್ ಜಿಲ್ಲೆ ಬಾಂಬೆ ಹೈಕೋರ್ಟಿನ ಮುಂಬಯಿ ಪೀಠಕ್ಕೆ ಸೇರಿದೆ, ಪಕ್ಕದ ಧುಳೆ ಔರಂಗಾಬಾದ್ ಪೀಠಕ್ಕೆ. ಹೀಗಾಗಿ ಮಾಲೇಗಾಂವ್‌ನ ಕೇಸು ಹೈಕೋರ್ಟಿಗೆ ಹೋದರೆ ಮುಂಬಯಿಯ ಕನ್ನಡಿಗ ನ್ಯಾಯವಾದಿಗಳ ನೆರವು ಸಹಜವಾಗಿಯೇ ಲಭ್ಯ.

ಸಂಘಗಳ ಹೊಣೆ

ನಮ್ಮಲ್ಲಿ ವ್ಯಾಜ್ಯಗಳನ್ನು ಹಿರಿಯರ ಪಂಚಾತಿಕೆಯಲ್ಲಿ ಮುಗಿಸುವ ಒಳ್ಳೆಯ ಪದ್ಧತಿ ಇದೆ. ಅದರ ಕೊರತೆ ಒಂದೇ, ರಾಜಿಯಾದ ಮಾತು ಕಾಗದಕ್ಕೆ ಇಳಿಯುವುದಿಲ್ಲ. ಕೋರ್ಟಿಗೆ ಹೋಗುವ ಮೊದಲೇ ವ್ಯಾಜ್ಯವನ್ನು ಲೋಕ ಅದಾಲತಿನ ಮುಂದಿಟ್ಟು ಅದೇ ರಾಜಿಯನ್ನು ದಾಖಲಿಸಿದರೆ ಅದಕ್ಕೆ ಸಿವಿಲ್ ಡಿಕ್ರಿಯ ಬಲ ಬರುತ್ತದೆ, ಅದರ ಮೇಲೆ ಅಪೀಲಿಲ್ಲ. ಕೋರ್ಟಿನಲ್ಲಿರುವ ಕೇಸು ಅಲ್ಲಿ ಮುಗಿದರೆ ಕಟ್ಟಿದ ಶುಲ್ಕ ವಾಪಸಾಗುತ್ತದೆ. ಹಿರಿಯರ ಗೌರವವೂ ಉಳಿಯುತ್ತದೆ, ಕಾನೂನಿನ ಗಟ್ಟಿತನವೂ ಸಿಗುತ್ತದೆ.

ಮುಂಬಯಿ ಮತ್ತು ನಾಸಿಕ್‌ನ ಕನ್ನಡ ಸಂಘಗಳು ವರ್ಷಕ್ಕೊಂದು ಬಾರಿಯಾದರೂ ಇಂಥ ತಾಲೂಕು ಊರುಗಳಲ್ಲಿ ಕಾನೂನು ಸಲಹಾ ಶಿಬಿರ ಏರ್ಪಡಿಸಿದರೆ ಅದರ ಪ್ರಯೋಜನ ಸನ್ಮಾನ ಸಮಾರಂಭಗಳಿಗಿಂತ ಹೆಚ್ಚು ಕಾಲ ಉಳಿದೀತು. ಕನ್ನಡ–ಮರಾಠಿ ಎರಡೂ ಬಲ್ಲ ನ್ಯಾಯವಾದಿಗಳ ಮತ್ತು ಭಾಷಾಂತರಕ್ಕೆ ನೆರವಾಗುವ ಸದಸ್ಯರ ಪಟ್ಟಿ ಸಂಘದ ಕಚೇರಿಯಲ್ಲಿರಲಿ. ಸದಸ್ಯರು ತಮ್ಮ ಕರಾರು, ಹೇಳಿಕೆ, ಹಕ್ಕುಪತ್ರ ಯಾವುದೇ ಆಗಲಿ, ಸಹಿ ಮಾಡುವ ಮೊದಲು ಅದರ ಪ್ರತಿಯನ್ನು ಆ ಪಟ್ಟಿಯಲ್ಲಿರುವ ಒಬ್ಬರಿಗೆ ತೋರಿಸುವ ರೂಢಿ ಬೆಳೆಯಲಿ. ಕರಾರನ್ನು ಮೊದಲೇ ಓದಿಸುವ ಖರ್ಚು ಒಂದು ದಿನದ್ದು, ಓದದೆ ಸಹಿ ಹಾಕಿದ ಕರಾರಿನ ಖರ್ಚು ಎಷ್ಟು ವರ್ಷದ್ದು ಎಂಬುದನ್ನು ಕೋರ್ಟಿಗೆ ಅಲೆದವರೇ ಬಲ್ಲರು.